ಲೂಥರನ್ ನಂಬಿಕೆ ಮತ್ತು ಆರಾಧನೆ: ನಮ್ಮ ಕಡೆಯ ಸಭೆಗಳ ಪಕ್ಕದಲ್ಲಿಟ್ಟು ನೋಡಿದಾಗ

ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಭಾನುವಾರ ಬೆಳಗ್ಗೆ ಮನೆಯಿಂದ ಹೊರಟವರಿಗೆ ಫಾತಿಮಾ ಕೆಥೆಡ್ರಲ್‌ನಲ್ಲಿ ಕಥೋಲಿಕರ ಬಲಿಪೂಜೆ ಸಿಗುತ್ತದೆ. ಬ್ರಿಟಿಷರ ದಂಡಿನ ಕಾಲದ ಸೇಂಟ್ ಮೇರೀಸ್ ಚರ್ಚಿನಲ್ಲಿ ಆಂಗ್ಲಿಕನ್ ಪದ್ಧತಿಯಿಂದ ಬೆಳೆದು ಬಂದ ಆರಾಧನೆ ಸಿಗುತ್ತದೆ. ಊರಿನಲ್ಲಿ ಮೆಥಡಿಸ್ಟ್ ಸಭೆಯಿದೆ, ಪೆಂತೆಕೊಸ್ತ್ ಪಂಗಡದ ಸಭೆಗಳೂ ಇವೆ. ಗುಳೇದಗುಡ್ಡಕ್ಕೋ ವಿಜಯಪುರಕ್ಕೋ ಹೋದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪರಂಪರೆಯಿಂದ ಬಂದು ಈಗ ಸಿಎಸ್‌ಐ ಎಂದು ಕರೆಯಲಾಗುವ ದಕ್ಷಿಣ ಭಾರತ ಸಭೆಯಲ್ಲಿ ಸೇರಿರುವ ದೇವಾಲಯಗಳು ಕಾಣುತ್ತವೆ. ಇಷ್ಟೆಲ್ಲ ಫಲಕಗಳ ನಡುವೆ ಲೂಥರನ್ ಎಂಬ ಫಲಕ ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಈ ಮೂರು ಜಿಲ್ಲೆಗಳಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ಆದರೂ ಆ ಹೆಸರಿನ ಬಗ್ಗೆ ಕೇಳುವವರು ಕಡಿಮೆಯಿಲ್ಲ. ಮಗಳನ್ನು ಗುಂಟೂರಿನ ಲೂಥರನ್ ಮನೆತನಕ್ಕೆ ಕೊಟ್ಟವರು, ಕೆಲಸಕ್ಕೆಂದು ತಮಿಳುನಾಡಿಗೋ ರಾಂಚಿಗೋ ಹೋಗಿ ಅಲ್ಲಿ ಹತ್ತಿರವಿದ್ದ ದೇವಾಲಯದೊಳಗೆ ಕಾಲಿಟ್ಟ ಹುಡುಗರು, ಕ್ರೈಸ್ತ ನಂಬಿಕೆಯ ಕಡೆಗೆ ಹೊಸದಾಗಿ ಮನಸ್ಸು ತಿರುಗಿದ್ದರೂ ಯಾವ ಬಾಗಿಲು ತಟ್ಟಬೇಕೆಂದು ತಿಳಿಯದವರು ಕೇಳುವ ಪ್ರಶ್ನೆ ಸುಮಾರಾಗಿ ಒಂದೇ: ಇದು ನಾವು ಕಂಡ ಸಭೆಗಳಿಗಿಂತ ಬೇರೆಯೇ, ಬೇರೆಯಾದರೆ ಯಾವುದರಲ್ಲಿ?

ಹೋಲಿಸುವಾಗ ಜನರು ಮೊದಲು ನೋಡುವುದು ಕಣ್ಣಿಗೆ ಕಾಣುವುದನ್ನು: ಪಾಸ್ಟರ್ ನಿಲುವಂಗಿ ತೊಟ್ಟಿದ್ದಾರೆಯೇ, ಮೇಣದಬತ್ತಿ ಇದೆಯೇ, ಹಾಡಿಗೆ ಡ್ರಮ್ ಬಾರಿಸುತ್ತಾರೆಯೇ ಎಂದು. ಈ ಅಳತೆಗಳಿಂದ ತೀರ್ಮಾನಕ್ಕೆ ಬಂದವರು ದಾರಿ ತಪ್ಪುವುದೇ ಹೆಚ್ಚು, ಏಕೆಂದರೆ ಒಂದೇ ನಿಲುವಂಗಿಯ ಕೆಳಗೆ ಎರಡು ಬೇರೆ ಬೋಧನೆಗಳಿರಬಹುದು. ನಾನು ಬಳಸುವ ಅಳತೆ ಬೇರೆ. ಆರಾಧನೆಯ ಪ್ರತಿಯೊಂದು ಘಟ್ಟದಲ್ಲಿಯೂ ಇಲ್ಲಿ ಕೊಡುವವರು ಯಾರು, ಪಡೆಯುವವರು ಯಾರು ಎಂದು ಕೇಳಿಕೊಳ್ಳಬೇಕು. ದೇವರು ಕೊಡುತ್ತಾನೆ, ಮನುಷ್ಯ ಬರಿಗೈಯಿಂದ ಪಡೆಯುತ್ತಾನೆ ಎಂಬ ಉತ್ತರವನ್ನು ಎಲ್ಲ ಸಭೆಗಳೂ ಒಂದಲ್ಲ ಒಂದು ಕಡೆ ಹೇಳುತ್ತವೆ. ಲೂಥರನ್ನರು ಅದನ್ನು ಎಲ್ಲ ಕಡೆಗೂ, ಕೆಲವೊಮ್ಮೆ ಹಟ ಎನ್ನಿಸುವಷ್ಟು ಬಿಗಿಯಾಗಿ ಹೇಳುತ್ತಾರೆ.

ಹೆಸರಿನ ಹಿನ್ನೆಲೆ ಮತ್ತು ನಮ್ಮ ನಾಡಿನ ನಂಟು

ಮಾರ್ಟಿನ್ ಲೂಥರ್ ಜರ್ಮನಿಯ ಐಸ್ಲೆಬೆನ್ ಊರಿನಲ್ಲಿ 1483ರಲ್ಲಿ ಹುಟ್ಟಿ ಅದೇ ಊರಿನಲ್ಲಿ 1546ರಲ್ಲಿ ತೀರಿಕೊಂಡ ಸನ್ಯಾಸಿ ಮತ್ತು ಅಧ್ಯಾಪಕ. ಪಾಪಕ್ಕೆ ವಿಧಿಸಿದ ಶಿಕ್ಷೆಯನ್ನು ಕಡಿಮೆ ಮಾಡುತ್ತವೆಂದು ಹೇಳಿ ಮಾರುತ್ತಿದ್ದ ಪತ್ರಗಳ ವಿರುದ್ಧ ಅವರು 1517ರ ಅಕ್ಟೋಬರ್ 31ರಂದು 95 ವಾಕ್ಯಗಳನ್ನು ಚರ್ಚೆಗೆ ಮುಂದಿಟ್ಟರು. ಅಲ್ಲಿಂದ ಆರಂಭವಾದ ವಿವಾದ ಸಭೆಯನ್ನೇ ಒಡೆಯುವವರೆಗೆ ಹೋಯಿತು. ತನ್ನ ಹೆಸರಿನಲ್ಲಿ ಸಭೆಯನ್ನು ಕರೆಯುವುದು ಲೂಥರರಿಗೆ ಇಷ್ಟವಿರಲಿಲ್ಲ. ಆ ಹೆಸರನ್ನು ಮೊದಲು ಹಚ್ಚಿದವರು ವಿರೋಧಿಗಳು. ಅನುಯಾಯಿಗಳು ತಮ್ಮನ್ನು ಸುವಾರ್ತೆಯ ಸಭೆಯೆಂದೇ ಕರೆದುಕೊಂಡರು, ಮತ್ತು ಇಂದಿಗೂ ಆಂಧ್ರದ, ತಮಿಳುನಾಡಿನ ಲೂಥರನ್ ಸಭೆಗಳ ಅಧಿಕೃತ ಹೆಸರುಗಳಲ್ಲಿ ಸುವಾರ್ತೆ ಎಂಬ ಅರ್ಥದ ಪದ ಲೂಥರನ್ ಎಂಬ ಪದಕ್ಕಿಂತ ಮುಂದೆ ನಿಲ್ಲುತ್ತದೆ.

ಕಥೋಲಿಕ ಸಭೆಯಿಂದ ಹೀಗೆ ಒಡೆದು ಬಂದ ಪ್ರೊಟೆಸ್ಟೆಂಟ್ ಪಂಗಡಗಳಿಂದ ಭಾರತಕ್ಕೆ ಬಂದ ಮೊದಲ ಮಿಶನರಿಗಳು ಲೂಥರನ್ನರೇ. ಸೀಗನ್‌ಬಾಲ್ಗ್ ಮತ್ತು ಪ್ಲುಚ್ಚೌ 1706ರ ಜುಲೈ 9ರಂದು ತಮಿಳು ಕರಾವಳಿಯ ತರಂಗಂಬಾಡಿಯಲ್ಲಿ ಇಳಿದರು. 1715ರ ಹೊತ್ತಿಗೆ ತಮಿಳಿನ ಹೊಸ ಒಡಂಬಡಿಕೆ ಅಲ್ಲಿಯೇ ಅಚ್ಚಾಗಿತ್ತು. ಗುಂಟೂರಿನಲ್ಲಿ 1842ರಲ್ಲಿ, ರಾಂಚಿಯಲ್ಲಿ 1845ರಲ್ಲಿ ಕೆಲಸ ಆರಂಭವಾಯಿತು. ನಮ್ಮ ಕಡೆಗೆ ಬಂದವರು ಬೇರೆ. ಬೆಳಗಾವಿಗೆ 1820ರಲ್ಲಿ ಲಂಡನ್ ಮಿಶನ್ ಬಂತು, 1904ರಲ್ಲಿ ಆ ಕೆಲಸವನ್ನು ಅಮೆರಿಕದ ಮೆಥಡಿಸ್ಟರು ವಹಿಸಿಕೊಂಡರು. ಧಾರವಾಡ, ಹುಬ್ಬಳ್ಳಿಗಳಲ್ಲಿ ನೆಲೆ ಮಾಡಿದ್ದ ಬಾಸೆಲ್ ಮಿಶನ್ 1851ರಲ್ಲಿ ಗುಳೇದಗುಡ್ಡದಲ್ಲಿ, 1885ರಲ್ಲಿ ವಿಜಯಪುರದಲ್ಲಿ ಠಾಣ್ಯಗಳನ್ನು ತೆರೆಯಿತು.

ಬಾಸೆಲ್ ಮಿಶನ್ ಲೂಥರನ್ ಸಂಸ್ಥೆಯೇ ಎಂಬ ಪ್ರಶ್ನೆಗೆ ಹೌದು ಎಂದಾಗಲಿ ಅಲ್ಲ ಎಂದಾಗಲಿ ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಅದರ ಕಚೇರಿ ಇದ್ದದ್ದು ಸ್ವಿಟ್ಜರ್ಲೆಂಡಿನಲ್ಲಿ, ಅಲ್ಲಿಯವರು ಆ ನಾಡಿನಲ್ಲಿ ಸಭೆಯನ್ನು ಸುಧಾರಿಸಿದ ಸ್ವಿಂಗ್ಲಿ ಮತ್ತು ಕ್ಯಾಲ್ವಿನ್ ಪರಂಪರೆಯ ರಿಫಾರ್ಮ್ಡ್ ಸಭೆಯವರು. ಆದರೆ ಅದು ಕಳುಹಿಸಿದ ಮಿಶನರಿಗಳಲ್ಲಿ ಬಹಳ ಮಂದಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಲೂಥರನ್ ಮನೆಗಳಿಂದ ಬಂದವರು. ವ್ಯುರ್ಟೆಂಬರ್ಗಿನಲ್ಲಿ ಇನ್ನೊಂದು ವಿಶೇಷವಿತ್ತು: ಬೋಧನೆಯಲ್ಲಿ ಲೂಥರನ್ನರಾಗಿದ್ದರೂ ಆರಾಧನೆಯನ್ನು ಅವರು ಹಾಡು, ಪ್ರಾರ್ಥನೆ, ಪ್ರಸಂಗಗಳಿಗೆ ಸೀಮಿತವಾದ ಸರಳ ಕ್ರಮದಲ್ಲಿ ಇಟ್ಟುಕೊಂಡಿದ್ದರು. ಗುಳೇದಗುಡ್ಡದ ಕಡೆಯ ಹಳೆಯ ಮನೆಗಳವರು ಜರ್ಮನ್ ರಾಗದ ಕನ್ನಡ ಸಂಗೀತಗಳನ್ನು ಬಾಯಿಪಾಠವಾಗಿ ಹಾಡಬಲ್ಲವರಾಗಿದ್ದರೂ ಲೂಥರನ್ ಪೂಜಾವಿಧಿಯ ವೈಭವವನ್ನು ಕಂಡರೆ ಇದೇನು ಕಥೋಲಿಕರ ಹಾಗಿದೆಯಲ್ಲ ಎಂದು ಬೆರಗಾಗುವುದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ. ನಾನೂ ಅಂಥ ಪರಂಪರೆಯಲ್ಲಿಯೇ ಬೆಳೆದವನು. ನೆಂಟರ ಮದುವೆಗೆಂದು ಗುಂಟೂರಿಗೆ ಹೋದಾಗ ಭಾನುವಾರದ ಆರಾಧನೆಯಲ್ಲಿ ಕುಳಿತು ಹಾಗೆಯೇ ಅಂದುಕೊಂಡವನು.

ನಂಬಿಕೆಯ ತಿರುಳು

ಲೂಥರನ್ ಬೋಧನೆಯ ನಡುಗಂಬ ಒಂದೇ: ಮನುಷ್ಯನು ತನ್ನ ಪುಣ್ಯಕಾರ್ಯಗಳಿಂದಲ್ಲ, ಕ್ರಿಸ್ತನ ನಿಮಿತ್ತ, ಕೃಪೆಯಿಂದ, ನಂಬಿಕೆಯ ಮೂಲಕ ದೇವರ ಮುಂದೆ ನೀತಿವಂತನೆಂದು ಎಣಿಸಲ್ಪಡುತ್ತಾನೆ. ಇದು ನ್ಯಾಯಾಲಯದ ಭಾಷೆ. ಆರೋಪಿಯ ಸ್ವಭಾವ ಬದಲಾಯಿತೆಂದು ನ್ಯಾಯಾಧೀಶನು ತೀರ್ಪು ಕೊಡುವುದಿಲ್ಲ. ತೀರ್ಪು ಬಂದದ್ದರಿಂದಲೇ ಆರೋಪಿ ಬಿಡುಗಡೆಯಾಗುತ್ತಾನೆ. ಕಥೋಲಿಕ ಬೋಧನೆಯಲ್ಲಿಯೂ ಆರಂಭ ದೇವರ ಕೃಪೆಯಿಂದಲೇ ಆಗುತ್ತದೆ, ಆದರೆ ಆ ಕೃಪೆ ಮನುಷ್ಯನೊಳಗೆ ಸುರಿಯಲ್ಪಟ್ಟು, ಅವನು ಅದರೊಂದಿಗೆ ಸಹಕರಿಸುತ್ತ ನಿಜವಾಗಿಯೂ ನೀತಿವಂತನಾಗುತ್ತ ಹೋಗುತ್ತಾನೆ ಎಂಬುದಕ್ಕೆ ಅಲ್ಲಿ ಒತ್ತು ಹೆಚ್ಚು. ಕನ್ನಡದಲ್ಲಿ ಈ ವ್ಯತ್ಯಾಸ ಪದಗಳಲ್ಲಿಯೇ ಕಾಣುತ್ತದೆ: ಪ್ರೊಟೆಸ್ಟೆಂಟರು ಕೃಪೆ ಎನ್ನುವಲ್ಲಿ ಕಥೋಲಿಕರು ವರಪ್ರಸಾದ ಎನ್ನುತ್ತಾರೆ, ಮರಿಯಮ್ಮನವರನ್ನು ವರಪ್ರಸಾದಪೂರ್ಣೆ ಎಂದು ಸ್ತುತಿಸುತ್ತಾರೆ. ಕೃಪೆ ಎಂಬುದು ಕೊಡುವವನ ಮನಸ್ಸಿನಲ್ಲಿರುವ ದಯೆ. ಪ್ರಸಾದ ಎಂಬುದು ಪಡೆದವನ ಕೈಗೆ, ಅಲ್ಲಿಂದ ಒಡಲಿಗೆ ಬರುವಂಥದ್ದು. ಅನುವಾದಕರು ಈ ಭೇದವನ್ನು ಉದ್ದೇಶಿಸಿ ಆರಿಸಿದರೋ ಇಲ್ಲವೋ, ಎರಡು ಬೋಧನೆಗಳ ನಡುವಿನ ಅಂತರ ಮಾತ್ರ ಆ ಎರಡು ಪದಗಳಲ್ಲಿ ಚೆನ್ನಾಗಿ ಕುಳಿತಿದೆ.

ಈ ವಿಷಯದಲ್ಲಿ ಹಳೆಯ ಜಗಳ ಇಂದು ಅದೇ ಕಾವಿನಲ್ಲಿ ಉಳಿದಿಲ್ಲ ಎಂಬುದನ್ನೂ ಹೊಸಬರು ತಿಳಿದಿರಬೇಕು. ಲೂಥರನ್ ವಿಶ್ವ ಒಕ್ಕೂಟ ಮತ್ತು ಕಥೋಲಿಕ ಸಭೆ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಈ ಬೋಧನೆಯ ಕುರಿತು ಜಂಟಿ ಘೋಷಣೆಗೆ ಸಹಿ ಹಾಕಿ, ಮೂಲಭೂತ ಸತ್ಯಗಳಲ್ಲಿ ತಮಗೆ ಒಮ್ಮತವಿದೆಯೆಂದು ಒಪ್ಪಿಕೊಂಡವು. 2006ರಲ್ಲಿ ಮೆಥಡಿಸ್ಟರ ವಿಶ್ವಮಂಡಳಿಯೂ ಅದಕ್ಕೆ ಸೇರಿತು. ಎಲ್ಲ ಲೂಥರನ್ ಸಭೆಗಳು ಅದನ್ನು ಒಪ್ಪಿಲ್ಲ. ಅಮೆರಿಕದ ಮಿಸೂರಿ ಸಿನಡ್‌ನಂಥ ಕಟ್ಟುನಿಟ್ಟಿನ ಸಭೆಗಳು ಹೊರಗೇ ಉಳಿದವು. ಆದ್ದರಿಂದ ಲೂಥರನ್ನರು ಹೀಗೆ ಹೇಳುತ್ತಾರೆ ಎನ್ನುವಾಗ ಯಾವ ಲೂಥರನ್ನರು ಎಂಬ ಮರುಪ್ರಶ್ನೆಯನ್ನು ಕೈಯಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಮೆಥಡಿಸ್ಟರೊಂದಿಗಿನ ಭೇದ ಇನ್ನೂ ಸೂಕ್ಷ್ಮವಾದುದು. ಮೆಥಡಿಸ್ಟ್ ಪಂಗಡಕ್ಕೆ ಮೂಲಪುರುಷರಾದ ಜಾನ್ ವೆಸ್ಲಿಯವರು 1738ರ ಮೇ 24ರಂದು ಲಂಡನ್ನಿನ ಒಂದು ಕೂಟದಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುವುದನ್ನು ಕೇಳುತ್ತಿರುವಾಗಲೇ ತಮ್ಮ ಹೃದಯ ಬೆಚ್ಚಗಾಯಿತೆಂದು ದಿನಚರಿಯಲ್ಲಿ ಬರೆದುಕೊಂಡರು. ಹಾಗಾಗಿ ಬೆಳಗಾವಿಯ ಮೆಥಡಿಸ್ಟ್ ಸಭೆಗೂ ಲೂಥರರಿಗೂ ಒಂದು ನೇರ ಎಳೆ ಇದ್ದೇ ಇದೆ. ಆದರೆ ವೆಸ್ಲಿ ಆ ಅನುಭವದಿಂದ ಮುಂದಕ್ಕೆ ನಡೆದು, ಕ್ಷಮೆ ಹೊಂದಿದವನು ಪವಿತ್ರತೆಯಲ್ಲಿ ಬೆಳೆದು ಈ ಬಾಳಿನಲ್ಲಿಯೇ ಪರಿಪೂರ್ಣ ಪ್ರೀತಿಯನ್ನು ಮುಟ್ಟಬಹುದೆಂದು ಕಲಿಸಿದರು. ಲೂಥರನ್ನರು ಅಷ್ಟು ದೂರ ಹೋಗುವುದಿಲ್ಲ. ವಿಶ್ವಾಸಿಯು ಕೊನೆಯ ಉಸಿರಿನವರೆಗೂ ಏಕಕಾಲದಲ್ಲಿ ನೀತಿವಂತನೂ ಪಾಪಿಯೂ ಆಗಿರುತ್ತಾನೆ ಎಂಬುದು ಅವರ ಬೋಧನೆ. ತನ್ನೊಳಗಿನ ಬೆಳವಣಿಗೆಯನ್ನು ಅಳೆಯುತ್ತ ಕುಳಿತವನಿಗೆ ಅದು ನಿರುತ್ಸಾಹದ ಮಾತೆನಿಸಬಹುದು. ಅಳೆದು ಅಳೆದು ಸೋತವನಿಗೆ ಅದೇ ಸಮಾಧಾನ ಕೊಡುತ್ತದೆ.

ಪ್ರಸಂಗವನ್ನು ಕೇಳುವಾಗಲೂ ಈ ಭೇದ ಕಿವಿಗೆ ಬೀಳುತ್ತದೆ. ಲೂಥರನ್ ಬೋಧಕರು ದೇವರ ವಾಕ್ಯವನ್ನು ಧರ್ಮಶಾಸ್ತ್ರ ಮತ್ತು ಸುವಾರ್ತೆ ಎಂದು ಎರಡಾಗಿ ವಿಂಗಡಿಸಿ ಕೇಳಿಸುತ್ತಾರೆ: ಹೀಗೆ ಮಾಡು ಎಂದು ಕೇಳಿ ನಮ್ಮ ಸೋಲನ್ನು ತೋರಿಸುವುದು ಧರ್ಮಶಾಸ್ತ್ರ, ನಿನಗಾಗಿ ಆಗಿದೆ ಎಂದು ಕೊಡುವುದು ಸುವಾರ್ತೆ. ಒಳ್ಳೆಯ ಲೂಥರನ್ ಪ್ರಸಂಗ ಎರಡನೆಯದರಲ್ಲಿಯೇ ಮುಗಿಯಬೇಕು. ನಾಳೆಯಿಂದ ಹೀಗೆ ಬಾಳಿರಿ ಎಂಬ ಬುದ್ಧಿವಾದದಲ್ಲಿ ಮುಗಿದರೆ ಅಲ್ಲಿಯ ಹಿರಿಯರೇ ಗೊಣಗುತ್ತಾರೆ.

ಕರ್ತನ ಮೇಜು

ಸಭೆಗಳ ನಡುವಿನ ಭೇದವನ್ನು ಒಂದೇ ಕಡೆ ನಿಂತು ನೋಡಬೇಕೆಂದರೆ ರೊಟ್ಟಿ, ದ್ರಾಕ್ಷಾರಸಗಳನ್ನು ಹಂಚುವ ಕರ್ತನ ಭೋಜನದ ಹತ್ತಿರ ನಿಲ್ಲಬೇಕು. ರೊಟ್ಟಿಯನ್ನು ಕೊಡುತ್ತ ಇದು ನನ್ನ ದೇಹ ಎಂದು ಕ್ರಿಸ್ತನು ಹೇಳಿದ ಮಾತಿಗೆ ಏನು ಅರ್ಥ ಎಂಬುದೇ ಪ್ರಶ್ನೆ. ಕಥೋಲಿಕರ ಉತ್ತರದಂತೆ ಗುರುಗಳು ಆ ಮಾತುಗಳನ್ನು ಹೇಳಿದಾಗ ರೊಟ್ಟಿಯ ಒಳತತ್ವವೇ ಬದಲಾಗಿ ಕ್ರಿಸ್ತನ ದೇಹವಾಗುತ್ತದೆ. ರೊಟ್ಟಿಯ ರೂಪ, ರುಚಿಗಳು ಮಾತ್ರ ಉಳಿಯುತ್ತವೆ. ಆದ್ದರಿಂದಲೇ ಉಳಿದ ಆ ರೊಟ್ಟಿಯನ್ನು, ಅವರ ಮಾತಿನಲ್ಲಿ ಪರಮಪ್ರಸಾದವನ್ನು, ಪೆಟ್ಟಿಗೆಯಲ್ಲಿ ಇಟ್ಟು ದೀಪ ಹಚ್ಚುತ್ತಾರೆ, ಅದರ ಮುಂದೆ ಮೊಣಕಾಲೂರುತ್ತಾರೆ. ಪೆಂತೆಕೊಸ್ತ್ ಮತ್ತು ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಸಾಮಾನ್ಯವಾಗಿ ಕೇಳುವ ಉತ್ತರ ಇದಕ್ಕೆ ಎದುರಿನದು: ಇದು ಕ್ರಿಸ್ತನ ಮರಣದ ನೆನಪು, ನಾವು ಮಾಡುವ ವಿಧೇಯತೆಯ ಕ್ರಿಯೆ.

ಲೂಥರನ್ನರು ಈ ಎರಡರ ನಡುವೆ ರಾಜಿಯ ಜಾಗದಲ್ಲಿ ನಿಂತಿದ್ದಾರೆಂದು ಹಲವರು ತಿಳಿಯುತ್ತಾರೆ, ಅದು ಸರಿಯಲ್ಲ. ರೊಟ್ಟಿ ರೊಟ್ಟಿಯಾಗಿಯೇ ಉಳಿಯುತ್ತದೆ, ಆದರೆ ಆ ರೊಟ್ಟಿಯಲ್ಲಿ, ಅದರೊಂದಿಗೆ, ಅದರ ಅಡಿಯಲ್ಲಿ ಕ್ರಿಸ್ತನ ದೇಹ ನಿಜವಾಗಿಯೂ ಇದೆ, ತಿನ್ನುವವರೆಲ್ಲರ ಬಾಯಿಗೂ ಅದು ಸೇರುತ್ತದೆ ಎಂಬುದು ಅವರ ಬೋಧನೆ. ಇದು ಹೇಗೆ ಸಾಧ್ಯ ಎಂದು ವಿವರಿಸುವ ಗೋಜಿಗೆ ಅವರು ಹೋಗುವುದಿಲ್ಲ. ಮಾರ್ಬರ್ಗ್ ಕೋಟೆಯಲ್ಲಿ 1529ರ ಅಕ್ಟೋಬರಿನಲ್ಲಿ ಲೂಥರ್ ಮತ್ತು ಸ್ವಿಂಗ್ಲಿ ಎದುರುಬದುರಾಗಿ ಕುಳಿತು 15 ವಿಷಯಗಳ ಪೈಕಿ 14ರಲ್ಲಿ ಒಪ್ಪಿದರು. ಹದಿನೈದನೆಯದರಲ್ಲಿ ಸಿಕ್ಕಿಕೊಂಡದ್ದು ಇದೇ ಪ್ರಶ್ನೆ. ಮಾತುಕತೆಗೆ ಮೊದಲೇ ಲೂಥರ್ ಸೀಮೆಸುಣ್ಣದಿಂದ ಮೇಜಿನ ಮೇಲೆ ಇದು ನನ್ನ ದೇಹ ಎಂಬ ಲ್ಯಾಟಿನ್ ಮಾತನ್ನು ಬರೆದಿಟ್ಟುಕೊಂಡಿದ್ದರು, ಇದೆ ಎಂದರೆ ಇದೆಯೇ, ಸೂಚಿಸುತ್ತದೆ ಎಂದಲ್ಲ ಎಂದು ಕೊನೆಯವರೆಗೂ ಕದಲಲಿಲ್ಲ.

ಸಿಎಸ್‌ಐ ಎಲ್ಲಿ ನಿಲ್ಲುತ್ತದೆ? ಮದ್ರಾಸಿನಲ್ಲಿ 1947ರ ಸೆಪ್ಟೆಂಬರ್ 27ರಂದು ಉದ್ಘಾಟನೆಗೊಂಡ ಆ ಐಕ್ಯಸಭೆಯಲ್ಲಿ ಆಂಗ್ಲಿಕನ್ನರು, ಬ್ರಿಟಿಷ್ ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಶನಲ್ ಪಂಗಡದವರು ಒಂದಾದರು. ಬಾಸೆಲ್ ಮಿಶನ್ನಿನ ಸಭೆಗಳೂ ಅದರೊಳಗೆ ಬಂದವು, ಲೂಥರನ್ ಸಭೆಗಳು ಹೊರಗೆ ಉಳಿದವು. ಇಷ್ಟು ಪರಂಪರೆಗಳನ್ನು ಒಂದೇ ಮನೆಯಲ್ಲಿ ಇರಿಸಬೇಕಾದ್ದರಿಂದ ಕ್ರಿಸ್ತನು ಮೇಜಿನ ಹತ್ತಿರ ಹೇಗೆ ಇರುತ್ತಾನೆಂಬುದನ್ನು ಸಿಎಸ್‌ಐ ಬಿಗಿಯಾಗಿ ವಿವರಿಸಲಿಲ್ಲ. ಅಲ್ಲಿಯ ಒಬ್ಬ ಅಯ್ಯನವರು ಲೂಥರನ್ನರಿಗೆ ಹತ್ತಿರವಾಗಿ ಬೋಧಿಸಬಹುದು, ಪಕ್ಕದ ಊರಿನವರು ಕ್ಯಾಲ್ವಿನ್ ಹೇಳಿದಂತೆ ಪವಿತ್ರಾತ್ಮನ ಮೂಲಕ ಆತ್ಮಿಕವಾಗಿ ಮಾತ್ರ ಎಂದು ಬೋಧಿಸಬಹುದು. ಈ ಸಡಿಲು ಕೆಲವರಿಗೆ ಉಸಿರಾಡುವ ಜಾಗ. ನನ್ನ ದೃಷ್ಟಿಯಲ್ಲಿ ಹೊಸದಾಗಿ ಕಲಿಯುವವರಿಗೆ ಅದು ಗೊಂದಲವನ್ನೂ ತರುತ್ತದೆ. ಪ್ರಶ್ನೆ ಕೇಳಿದವರಿಗೆ ಸ್ಪಷ್ಟ ಉತ್ತರ ಕೊಡುವುದರಲ್ಲಿ ಲೂಥರನ್ನರೂ ಕಥೋಲಿಕರೂ ಹೆಚ್ಚು ಸಿದ್ಧರಾಗಿರುತ್ತಾರೆ.

ಯಾರು ಪಾಲ್ಗೊಳ್ಳಬಹುದು ಎಂಬ ನಿಯಮ ಈ ಬೋಧನೆಗಳಿಂದಲೇ ಹುಟ್ಟುತ್ತದೆ. ಕಥೋಲಿಕ ಬಲಿಪೂಜೆಯಲ್ಲಿ ಪರಮಪ್ರಸಾದ ಸಾಮಾನ್ಯವಾಗಿ ಕಥೋಲಿಕರಿಗೆ ಮಾತ್ರ. ಸಿಎಸ್‌ಐ ಮತ್ತು ಮೆಥಡಿಸ್ಟ್ ಸಭೆಗಳಲ್ಲಿ ಬೇರೆ ಸಭೆಯ ಸದಸ್ಯರಿಗೂ ಸಾಮಾನ್ಯವಾಗಿ ಮೇಜು ತೆರೆದಿರುತ್ತದೆ. ಲೂಥರನ್ನರಲ್ಲಿ ಎರಡು ವಿಧ: ಹಲವು ಸಭೆಗಳು ದೀಕ್ಷಾಸ್ನಾನ, ಅಂದರೆ ಸಭೆಗೆ ಸೇರಿಸುವ ನೀರಿನ ಸಂಸ್ಕಾರ, ಆದವರನ್ನು ಬರಮಾಡಿಕೊಳ್ಳುತ್ತವೆ, ಮಿಸೂರಿ ಸಿನಡ್‌ನ ಮಿಶನ್ನಿನಿಂದ ಬೆಳೆದ ಸಭೆಗಳು ತಮ್ಮ ಬೋಧನೆಯನ್ನು ಕಲಿತು ಒಪ್ಪಿದವರಿಗೆ ಮಾತ್ರ ಕೊಡುತ್ತವೆ. ಕೃಷ್ಣಗಿರಿಯಲ್ಲಿ 1895ರಲ್ಲಿ ಆರಂಭವಾದ ಮಿಶನ್ ಈ ಎರಡನೆಯ ಬಗೆಯದು, ತಮಿಳುನಾಡಿಗೆ ಕೆಲಸಕ್ಕೆ ಹೋದವರಿಗೆ ಎದುರಾಗಬಹುದಾದ ಪರಂಪರೆಯೂ ಹೌದು. ಅಲ್ಲಿ ಮೇಜಿನಿಂದ ತಡೆದರೆ ಅದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ. ಅಲ್ಲಿ ಕೊಡುವುದು ಬರಿಯ ರೊಟ್ಟಿಯಲ್ಲ ಎಂದು ನಂಬಿದವರು ಅದನ್ನು ತಿಳಿಯದವರ ಕೈಗೆ ಹಾಕಲು ಹಿಂಜರಿಯುವುದು ಸಹಜ.

ದೀಕ್ಷಾಸ್ನಾನ ಮತ್ತು ಪಾಪದ ಅರಿಕೆ

ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದರಲ್ಲಿ ಲೂಥರನ್ನರು, ಕಥೋಲಿಕರು, ಸಿಎಸ್‌ಐ, ಮೆಥಡಿಸ್ಟರು ಒಂದು ಕಡೆ. ಪೆಂತೆಕೊಸ್ತ್, ಬ್ಯಾಪ್ಟಿಸ್ಟ್ ಸಭೆಗಳು ಇನ್ನೊಂದು ಕಡೆ. ನಂಬಿದ ಮೇಲೆ, ಬುದ್ಧಿ ತಿಳಿದ ಮೇಲೆ, ನೀರಿನಲ್ಲಿ ಪೂರ್ತಿ ಮುಳುಗಬೇಕೆಂಬುದು ಎರಡನೆಯವರ ವಾದ, ಏಕೆಂದರೆ ಅವರಿಗೆ ದೀಕ್ಷಾಸ್ನಾನವೆಂದರೆ ನಂಬಿದವನು ಕೊಡುವ ಸಾಕ್ಷಿ. ಲೂಥರನ್ನರಿಗೆ ಅದು ದೇವರು ಮಾಡುವ ಕೆಲಸ: ನೀರಿನೊಂದಿಗೆ ಸೇರಿದ ವಾಕ್ಯದ ಮೂಲಕ ಪಾಪಕ್ಷಮೆಯನ್ನು ಅವನು ಅಲ್ಲಿಯೇ ಕೊಡುತ್ತಾನೆ. ಪಡೆಯುವುದಕ್ಕೆ ಏನೂ ತರಲಾರದ ಕೂಸಿಗಿಂತ ಉತ್ತಮ ಉದಾಹರಣೆ ಅವರಿಗೆ ಬೇರೆ ಇಲ್ಲ. ಆ ಕಾರಣದಿಂದಲೇ ಬೇರೆ ಸಭೆಯಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರ ಹೆಸರಿನಲ್ಲಿ ನೀರಿನಿಂದ ದೀಕ್ಷಾಸ್ನಾನವಾದವರಿಗೆ ಅವರು ಮತ್ತೆ ಕೊಡುವುದಿಲ್ಲ. ಸಿಎಸ್‌ಐ ಮನೆಯಿಂದ ಲೂಥರನ್ ಮನೆಗೆ ಸೊಸೆಯಾಗಿ ಹೋಗುವ ಹುಡುಗಿಗೆ ಹೊಸದಾಗಿ ದೀಕ್ಷಾಸ್ನಾನವಾಗಬೇಕೆಂದು ಯಾರಾದರೂ ಹೇಳಿದರೆ ಅದು ಲೂಥರನ್ ಬೋಧನೆಯಲ್ಲ. ಕೆಲವು ವಾರಗಳ ಪಾಠವನ್ನು ಕೇಳಬಹುದು, ಅಷ್ಟೇ.

ಪಾಠವೆಂದರೆ ಸಾಮಾನ್ಯವಾಗಿ ಲೂಥರ್ 1529ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕ. ಹತ್ತು ಆಜ್ಞೆಗಳು, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಪಾಪದ ಅರಿಕೆ, ಕರ್ತನ ಭೋಜನ ಎಂಬ ಆರು ಭಾಗಗಳಲ್ಲಿ ಪ್ರತಿ ಮಾತಿನ ಮುಂದೆಯೂ ಇದರ ಅರ್ಥವೇನು ಎಂದು ಅದು ಕೇಳುತ್ತದೆ. ಪವಿತ್ರಾತ್ಮನ ಕುರಿತಾದ ಭಾಗಕ್ಕೆ ಅಲ್ಲಿ ಕೊಟ್ಟಿರುವ ಉತ್ತರ ಹೊಸಬರನ್ನು ತಡೆದು ನಿಲ್ಲಿಸುವಂಥದ್ದು: ನನ್ನ ಸ್ವಂತ ಬುದ್ಧಿಯಿಂದಾಗಲಿ ಬಲದಿಂದಾಗಲಿ ನಾನು ಕ್ರಿಸ್ತನನ್ನು ನಂಬಲಾರೆನೆಂದು ನಂಬುತ್ತೇನೆ ಎಂಬುದೇ ಅದರ ಆರಂಭ. ನಂಬಿಕೆಯನ್ನು ಸಹ ನಮ್ಮ ಸಾಧನೆಯ ಪಟ್ಟಿಗೆ ಸೇರಿಸಲು ಅವರು ಬಿಡುವುದಿಲ್ಲ.

ಇಲ್ಲಿ ಒಂದು ಚಿಕ್ಕ ಆದರೆ ಮನೆಗಳಲ್ಲಿ ಗೊಂದಲವೆಬ್ಬಿಸುವ ಸಂಗತಿಯಿದೆ. ಹತ್ತು ಆಜ್ಞೆಗಳ ಎಣಿಕೆಯಲ್ಲಿ ಲೂಥರನ್ನರು ಕಥೋಲಿಕರೊಂದಿಗೆ ಇದ್ದಾರೆ, ಉಳಿದ ಪ್ರೊಟೆಸ್ಟೆಂಟರೊಂದಿಗೆ ಇಲ್ಲ. ವಿಗ್ರಹಗಳ ಕುರಿತಾದ ಮಾತನ್ನು ಅವರು ಮೊದಲನೆಯ ಆಜ್ಞೆಯಲ್ಲಿಯೇ ಅಡಗಿಸಿ, ಆಶಿಸಬಾರದು ಎಂಬುದನ್ನು ಕೊನೆಯಲ್ಲಿ ಎರಡಾಗಿ ಬಿಡಿಸುತ್ತಾರೆ. ಆದ್ದರಿಂದ ವ್ಯಭಿಚಾರ ಮಾಡಬಾರದು ಎಂಬುದು ನಮ್ಮ ಸಿಎಸ್‌ಐ ಮಕ್ಕಳಿಗೆ ಏಳನೆಯದು, ಗುಂಟೂರಿನ ಲೂಥರನ್ ಮಕ್ಕಳಿಗೆ ಆರನೆಯದು. ತಂದೆಯ ಕಡೆಯ ಅಜ್ಜಿಯೂ ತಾಯಿಯ ಕಡೆಯ ಅಜ್ಜಿಯೂ ಮಗುವಿಗೆ ಬೇರೆ ಬೇರೆ ಸಂಖ್ಯೆ ಕಲಿಸಿದರೆ ಇಬ್ಬರೂ ಸರಿಯೇ.

ಪಾಪದ ಅರಿಕೆ ಬಹುತೇಕ ಎಲ್ಲ ಸಭೆಗಳಲ್ಲಿಯೂ ಇದೆ. ಆದರೆ ಲೂಥರನ್ ಆರಾಧನೆಯಲ್ಲಿ ಸಭೆಯೆಲ್ಲ ಒಟ್ಟಾಗಿ ಅರಿಕೆ ಮಾಡಿದ ನಂತರ ಪಾಸ್ಟರ್ ಸಭೆಯ ಕಡೆಗೆ ತಿರುಗಿ, ಕ್ರಿಸ್ತನ ಅಪ್ಪಣೆಯಂತೆ ನಿಮ್ಮ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದು ನೇರವಾಗಿ ಹೇಳುವುದುಂಟು. ದೇವರು ಕ್ಷಮಿಸಲಿ ಎಂಬ ಬೇಡಿಕೆಗೂ ಕ್ಷಮಿಸಿದ್ದಾನೆ ಎಂಬ ಪ್ರಕಟಣೆಗೂ ಇರುವ ಅಂತರವನ್ನು ಕೇಳಿಯೇ ತಿಳಿಯಬೇಕು. ಪಾಸ್ಟರ್ ಎದುರು ಒಬ್ಬರೇ ಕುಳಿತು ಅರಿಕೆ ಮಾಡುವ ಅವಕಾಶವನ್ನೂ ಅವರು ಉಳಿಸಿಕೊಂಡಿದ್ದಾರೆ. ಕಥೋಲಿಕರಂತೆ ಕಡ್ಡಾಯವಿಲ್ಲ, ಪ್ರಾಯಶ್ಚಿತ್ತದ ವಿಧಿಯಿಲ್ಲ.

ಭಾನುವಾರದ ಕ್ರಮ

ಲೂಥರ್ ಹಳೆಯ ಬಲಿಪೂಜೆಯನ್ನು ಕಿತ್ತೆಸೆಯಲಿಲ್ಲ. ನಾವು ದೇವರಿಗೆ ಬಲಿ ಅರ್ಪಿಸುತ್ತೇವೆ ಎಂಬ ಅರ್ಥದ ಭಾಗಗಳನ್ನು ತೆಗೆದು, ಉಳಿದದ್ದನ್ನು ಜನರ ಭಾಷೆಯಲ್ಲಿ ಇಟ್ಟರು, ರೊಟ್ಟಿಯ ಜೊತೆಗೆ ಪಾತ್ರೆಯನ್ನೂ ಜನರಿಗೆಲ್ಲ ಕೊಡಿಸಿದರು. ಹಾಗಾಗಿ ಕ್ರಮ ಕಥೋಲಿಕರದ್ದನ್ನು ಬಹಳ ಮಟ್ಟಿಗೆ ಹೋಲುತ್ತದೆ: ತ್ರಿಯೇಕ ದೇವರ ಹೆಸರಿನಲ್ಲಿ ಆರಂಭ, ಅರಿಕೆ, ಕರ್ತನೇ ಕರುಣಿಸು ಎಂಬ ಹಾಡು, ದೇವದೂತರ ಸ್ತುತಿ, ವಾಚನಗಳು, ವಿಶ್ವಾಸಪ್ರಮಾಣ, ಪ್ರಸಂಗ, ಕಾಣಿಕೆ, ಪ್ರಾರ್ಥನೆಗಳು, ಕರ್ತನ ಭೋಜನ. ಭೋಜನವಾದ ಮೇಲೆ ಕೂಸು ಯೇಸುವನ್ನು ಎತ್ತಿಕೊಂಡ ಮುದುಕ ಸಿಮೆಯೋನನ ಹಾಡನ್ನು ಹಾಡುವುದು ಲೂಥರನ್ನರ ವಿಶೇಷ. ಅರಣ್ಯಕಾಂಡದ 6ನೆಯ ಅಧ್ಯಾಯದಲ್ಲಿರುವ ಆರೋನನ ಆಶೀರ್ವಾದದಿಂದ ಆರಾಧನೆ ಮುಗಿಯುತ್ತದೆ. ಗುಂಟೂರಿನಲ್ಲಿ ನನಗೆ ತೆಲುಗು ಅರ್ಧವೂ ತಿಳಿಯುತ್ತಿರಲಿಲ್ಲ, ಆದರೂ ಈಗ ಯಾವ ಭಾಗ ನಡೆದಿದೆ ಎಂದು ಗುರುತಿಸಲು ತೊಡಕಾಗಲಿಲ್ಲ. ಬರೆದಿಟ್ಟ ಕ್ರಮದ ಲಾಭ ಇದು. ಹೃದಯದಿಂದ ಉಕ್ಕಿದ ಪ್ರಾರ್ಥನೆಯೇ ಪ್ರಾರ್ಥನೆ ಎಂದು ಕಲಿತವರಿಗೆ ಇದೇ ಬೇಸರದ ಮೂಲವೂ ಆಗಬಹುದು.

ಪೀಠದ ಮೇಲೆ ಬರಿಯ ಶಿಲುಬೆಯ ಬದಲು ಯೇಸುವಿನ ದೇಹವಿರುವ ಶಿಲುಬೆ ಕಂಡರೆ ಆಶ್ಚರ್ಯಪಡಬೇಕಿಲ್ಲ. ಬಟ್ಟೆಗಳ ಬಣ್ಣ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಅಕ್ಟೋಬರ್ 31ರ ಸುಧಾರಣೆಯ ಹಬ್ಬಕ್ಕೆ ಕೆಂಪು ಹಾಕುತ್ತಾರೆ. ಸಂತರ ದಿನಗಳನ್ನು ನೆನೆಯುತ್ತಾರೆ, ಆದರೆ ಸಂತರಿಗೆ ಪ್ರಾರ್ಥಿಸುವುದಿಲ್ಲ. ಮರಿಯಳನ್ನು ದೇವಮಾತೆ ಎಂದು ಒಪ್ಪುತ್ತಾರೆ, ಜಪಸರ ಹಿಡಿಯುವುದಿಲ್ಲ. ಪೋಪರ ಅಧಿಕಾರವಿಲ್ಲ, ಸತ್ತವರಿಗಾಗಿ ಬಲಿಪೂಜೆಯಿಲ್ಲ. ಬಿಷಪ್ ಇರುವ ಲೂಥರನ್ ಸಭೆಗಳೂ ಇವೆ, ಅಧ್ಯಕ್ಷರಿರುವ ಸಭೆಗಳೂ ಇವೆ. ಅವರಿಗೆ ಅದು ದೊಡ್ಡ ವಿಷಯವಲ್ಲ.

ಹಾಡಿನ ಬಗ್ಗೆ ಒಂದು ಮಾತು. ಲೂಥರ್ ಸ್ವತಃ ಹಾಡು ಕಟ್ಟಿದವರು. ಜನರೆಲ್ಲ ಒಟ್ಟಾಗಿ ಹಾಡುವುದನ್ನು ಆರಾಧನೆಯ ನಡುವಿಗೆ ತಂದವರು. 46ನೆಯ ಕೀರ್ತನೆಯ ಮೇಲೆ ಅವರು ಕಟ್ಟಿದ ಹಾಡು ಪ್ರೊಟೆಸ್ಟೆಂಟ್ ಸಭೆಗಳಲ್ಲೆಲ್ಲ ಹರಡಿತು. ಆದ್ದರಿಂದ ಹಾಡುಗಾರಿಕೆಯಲ್ಲಿ ನಮ್ಮ ಬಾಸೆಲ್ ಮಿಶನ್ ಪರಂಪರೆಯವರಿಗೆ ಲೂಥರನ್ ಸಭೆ ಪರಕೀಯವೆನಿಸುವುದಿಲ್ಲ.

ಕಾಯಕದ ಮಾತು

ನಮ್ಮ ಸೀಮೆಯವರು ಲೂಥರನ್ ಬೋಧನೆಯಲ್ಲಿ ಬೇಗನೆ ಗುರುತು ಹಿಡಿಯುವುದು ದುಡಿಮೆಯ ಕುರಿತಾದ ಮಾತನ್ನು. ದೇವರ ಕರೆ ಸನ್ಯಾಸಿಗಳಿಗೆ ಮಾತ್ರವಲ್ಲ, ಚಮ್ಮಾರನಿಗೂ, ಮನೆ ಗುಡಿಸುವ ಆಳಿಗೂ, ತೊಟ್ಟಿಲು ತೂಗುವ ತಾಯಿಗೂ ಇದೆ ಎಂದು ಲೂಥರ್ ಕಲಿಸಿದರು. ಗುಳೇದಗುಡ್ಡದ ಖಣ, 
ಇಳಕಲ್ಲಿನ ಸೀರೆ ನೇಯುವ ಮಗ್ಗಗಳ ನಡುವೆ, ಕೂಡಲಸಂಗಮದ ನೆಲದಲ್ಲಿ ಬೆಳೆದವರಿಗೆ ಇದು ಕೂಡಲೇ ಶರಣರ ಕಾಯಕವನ್ನು ನೆನಪಿಗೆ ತರುತ್ತದೆ. ಹೋಲಿಕೆ ನಿಜ, ಆದರೆ ಎರಡನ್ನೂ ಒಂದೇ ಎನ್ನುವುದು ಎರಡಕ್ಕೂ ಅನ್ಯಾಯ. ಶರಣರಿಗೆ ಕಾಯಕವೇ ಕೈಲಾಸ. ಶುದ್ಧವಾದ ದುಡಿಮೆಯಲ್ಲಿಯೇ ಶಿವನ ಸಾನ್ನಿಧ್ಯವಿದೆ. ಲೂಥರರ ಪ್ರಕಾರ ನೇಯುವವನ ಮಗ್ಗ ಅವನನ್ನು ಸ್ವರ್ಗದ ಹತ್ತಿರಕ್ಕೆ ಒಂದು ಗೇಣೂ ಒಯ್ಯುವುದಿಲ್ಲ, ಏಕೆಂದರೆ ಆ ಲೆಕ್ಕ ಕ್ರಿಸ್ತನಲ್ಲಿ ಆಗಲೇ ಚುಕ್ತಾ ಆಗಿದೆ. ಬಟ್ಟೆ ಬೇಕಾದದ್ದು ನೆರೆಯವನಿಗೆ, ದುಡಿಮೆ ಅವನಿಗೋಸ್ಕರ. ದೇವರಿಂದ ಪಡೆದವನು ನೆರೆಯವನಿಗೆ ಕೊಡುವವನಾಗುವ ಜಾಗ ಅದು.

ಹಾಗಾದರೆ ಯಾರಿಗೆ ಯಾವುದು

ಕಥೋಲಿಕ ಹಿನ್ನೆಲೆಯವರು ಲೂಥರನ್ ಆರಾಧನೆಯಲ್ಲಿ ಬೇಗ ಹೊಂದಿಕೊಳ್ಳುತ್ತಾರೆ. ಅವರಿಗೆ ಕೊರತೆಯೆನಿಸುವುದು ಮರಿಯಮ್ಮನವರ ಒಂಬತ್ತು ದಿನಗಳ ಪ್ರಾರ್ಥನೆಯಾದ ನೊವೇನಾ, ಸತ್ತವರಿಗಾಗಿ ಪ್ರಾರ್ಥನೆ, ಏಳು ಸಂಸ್ಕಾರಗಳು. ಆ ಭಕ್ತಿ ಬಾಳಿನಲ್ಲಿ ಬೇರೂರಿದ್ದರೆ ಫಾತಿಮಾ ಕೆಥೆಡ್ರಲ್ ಬಿಟ್ಟು ಬೇರೆ ಕಡೆ ನೋಡಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಪೆಂತೆಕೊಸ್ತ್ ಸಭೆಯಿಂದ ಬರುವವರಿಗೆ ಬದಲಾವಣೆ ಎಲ್ಲರಿಗಿಂತ ದೊಡ್ಡದು: ಅನ್ಯಭಾಷೆಯ ಪ್ರಾರ್ಥನೆಯಿಲ್ಲ, ಸ್ವಸ್ಥತೆಯ ಕೂಟದ ಭರಾಟೆಯಿಲ್ಲ, ನಿಮ್ಮ ಅನುಭವವೇನು ಎಂದು ಯಾರೂ ಕೇಳುವುದಿಲ್ಲ. ಅನುಭವದ ಏರಿಳಿತದಿಂದ ದಣಿದವರಿಗೆ ಇದು ಹಿಡಿಸುತ್ತದೆ, ಅನುಭವವನ್ನೇ ಅರಸುವವರಿಗೆ ಹಿಡಿಸುವುದಿಲ್ಲ. ಶಿಸ್ತಿನ ಬಾಳು, ಸಮಾಜಸೇವೆ, ಚಿಕ್ಕ ಗುಂಪುಗಳ ಬೆಂಬಲ ಬೇಕೆನ್ನುವವರಿಗೆ ಮೆಥಡಿಸ್ಟರಲ್ಲಿ ಅದರ ಪರಂಪರೆ ಹಳೆಯದು.

ಮೂರು ಜಿಲ್ಲೆಗಳಲ್ಲಿಯೇ ನೆಲೆ ನಿಲ್ಲುವವರು ಒಂದು ವಾಸ್ತವವನ್ನು ಒಪ್ಪಿಕೊಳ್ಳಬೇಕು. ಲೂಥರನ್ ಬೋಧನೆ ಮನಸ್ಸಿಗೆ ಹಿಡಿಸಿದರೂ ವಾರವಾರ ಹೋಗುವುದಕ್ಕೆ ಹತ್ತಿರದಲ್ಲಿ ಆ ಸಭೆ ಸಿಗಲಿಕ್ಕಿಲ್ಲ. ದೂರದ ಸರಿಯಾದ ಸಭೆಗೆ ವರ್ಷಕ್ಕೆರಡು ಬಾರಿ ಹೋಗುವುದಕ್ಕಿಂತ ಹತ್ತಿರದ ಸಿಎಸ್‌ಐ ದೇವಾಲಯಕ್ಕೆ ವಾರವಾರ ಹೋಗುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಕೂಸಿನ ದೀಕ್ಷಾಸ್ನಾನ, ದೃಢೀಕರಣ, ಬರೆದಿಟ್ಟ ಆರಾಧನಾಕ್ರಮ, ಜರ್ಮನ್ ರಾಗದ ಹಾಡು ಅಲ್ಲಿ ಸಿಗುತ್ತವೆ. ಮೇಜಿನ ಕುರಿತಾದ ಬಿಗಿಯಾದ ಬೋಧನೆ ಮಾತ್ರ ಸಿಗದೆ ಹೋಗಬಹುದು. ಅದಕ್ಕೆ ಚಿಕ್ಕ ಪ್ರಶ್ನೋತ್ತರ ಪುಸ್ತಕವನ್ನು ಮನೆಯಲ್ಲಿ ಇಟ್ಟು ಓದಿಕೊಳ್ಳುವುದನ್ನು ಯಾರೂ ತಡೆಯುವುದಿಲ್ಲ.

ಪರ ಊರಿನಲ್ಲಿ ಲೂಥರನ್ ಸಭೆಗೆ ಮೊದಲ ಸಲ ಹೋಗುವವರು ಶನಿವಾರವೇ ಪಾಸ್ಟರ್‌ಗೆ ಒಂದು ಕರೆ ಮಾಡಿ ಮೂರು ವಿಷಯ ಕೇಳಿಕೊಳ್ಳಲಿ: ಆರಾಧನೆ ಯಾವ ಭಾಷೆಯಲ್ಲಿ ನಡೆಯುತ್ತದೆ, ನಾಳೆ ಕರ್ತನ ಭೋಜನ ಇದೆಯೇ, ಇದ್ದರೆ ಬೇರೆ ಸಭೆಯವರು ಪಾಲ್ಗೊಳ್ಳಬಹುದೇ. ಎಲ್ಲ ಊರುಗಳಲ್ಲಿಯೂ ಪ್ರತಿ ಭಾನುವಾರ ಭೋಜನ ಇರುವುದಿಲ್ಲ. ಪಾಲ್ಗೊಳ್ಳುವಂತಿಲ್ಲ ಎಂದರೆ ಕುಳಿತಲ್ಲಿಯೇ ಇರಬಹುದು, ಇಲ್ಲವೇ ಎದುರಿಗೆ ಹೋಗಿ ಎದೆಯ ಮೇಲೆ ಕೈಕಟ್ಟಿ ತಲೆಬಾಗಿದರೆ ಹಲವು ಕಡೆ ಪಾಸ್ಟರ್ ರೊಟ್ಟಿಯ ಬದಲು ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾರೆ. ಆರಾಧನೆ ಮುಗಿದ ಮೇಲೆ ಅವರು ಬಾಗಿಲ ಹತ್ತಿರ ನಿಂತು ಕೈಕುಲುಕುವಾಗ ಯಾವ ಊರಿನವರೆಂದು ಕೇಳುತ್ತಾರೆ. ಬಾಗಲಕೋಟೆ ಎಂದು ಹೇಳಿ, ಮುಂದಿನ ಪಾಠದ ತರಗತಿ ಯಾವಾಗ ಎಂದು ಆಗಲೇ ವಿಚಾರಿಸಿಕೊಳ್ಳಬಹುದು.